ಹೆಣಕ್ಕೆ 2 ಡಾಲರ್, ಫೋಟೊಕ್ಕೆ ಬೇರೆ ರೇಟು

ಹೆಣ ಒಂದಕ್ಕೆ 2 ಡಾಲರ್. 1891ರ ಜನವರಿಯಲ್ಲಿ ಅಮೆರಿಕದ ಸೈನ್ಯ ಹೂಳುವ ಗುತ್ತಿಗೆದಾರನಿಗೆ ಒಪ್ಪಿಕೊಂಡ ದರ ಇದು. ಅದಕ್ಕೆ ಕೆಲವೇ ದಿನ ಮುಂಚೆ, ಡಿಸೆಂಬರ್ 29ರಂದು, ದಕ್ಷಿಣ ಡಕೋಟದ ವೂಂಡೆಡ್ ನೀ ಹಳ್ಳದ ದಂಡೆಯಲ್ಲಿ ಏಳನೇ ಅಶ್ವದಳ ಲಕೋಟ ಜನರ ಒಂದು ತಂಡವನ್ನೇ ಗುಂಡಿಟ್ಟು ಕೆಡವಿ ಹೋಗಿತ್ತು. ಆಮೇಲೆ ಹಿಮಗಾಳಿ ಬೀಸಿತು. ಹೆಣಗಳು ಬಿದ್ದಲ್ಲೇ ಮರಗಟ್ಟಿದವು. ಗುತ್ತಿಗೆಯವರು ಬಂದು, ಗುಡ್ಡದ ಮೇಲೆ ಉದ್ದನೆಯ ಗುಂಡಿ ತೋಡಿ, 146 ಹೆಣ ತುಂಬಿದರು. 84 ಗಂಡಸರು, 44 ಹೆಂಗಸರು, 18 ಮಕ್ಕಳು. ನೆಂಟರು ಕದ್ದು ಹೊತ್ತುಕೊಂಡು ಹೋದವರು, ಗಾಯ ಹೊತ್ತು ಓಡಿ ದೂರದಲ್ಲೆಲ್ಲೋ ಸತ್ತವರು ಈ ಲೆಕ್ಕಕ್ಕೆ ಸೇರಿಲ್ಲ. ಅವರಿಗೆ 2 ಡಾಲರ್ ಯಾರೂ ಕೇಳಲಿಲ್ಲವಲ್ಲ.

ಗುತ್ತಿಗೆಯವರ ಗಾಡಿಗಳ ಜೊತೆಯಲ್ಲೇ ಒಂದು ಕ್ಯಾಮೆರಾ ಬಂತು. ನೆಬ್ರಾಸ್ಕದ ಚಾಡ್ರನ್ ಊರಿನಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಜಾರ್ಜ್ ಟ್ರೇಗರ್ ಎಂಬಾತನದು. ಸತ್ತ ಲಕೋಟ ತಂಡದ ನಾಯಕ ಸ್ಪಾಟೆಡ್ ಎಲ್ಕ್, ಸೈನಿಕರ ಬಾಯಲ್ಲಿ ಬಿಗ್ ಫುಟ್, ನ್ಯುಮೋನಿಯಾ ಹಿಡಿದು ನಡೆಯಲಾರದೆ, ಬಿಳಿ ಬಾವುಟ ಕಟ್ಟಿದ ಗಾಡಿಯಲ್ಲಿ ಶರಣಾಗಿದ್ದವನು. ತಲೆಗೆ ಬಟ್ಟೆ ಸುತ್ತಿಕೊಂಡೇ, ಮೊಣಕೈ ಊರಿ ಏಳಹೊರಟವನ ಭಂಗಿಯಲ್ಲೇ, ಹಿಮದಲ್ಲಿ ಸೆಟೆದಿದ್ದ. ಟ್ರೇಗರ್ ಕ್ಯಾಮೆರಾ ನಿಲ್ಲಿಸಿ ಅದನ್ನು ತೆಗೆದ. ಗುಂಡಿಯನ್ನು ತೆಗೆದ. ಗುಂಡಿಯ ಅಂಚಿನಲ್ಲಿ ಬಂದೂಕು ಹಿಡಿದು ಪೋಸು ಕೊಟ್ಟವರನ್ನೂ ತೆಗೆದ. ಆಮೇಲೆ ಪ್ರಿಂಟು ಹಾಕಿ ಮಾರಿದ. ವ್ಯಾಪಾರಕ್ಕೆಂದೇ ಒಂದು ಕಂಪನಿ ಎದ್ದಿತು. ಕೊಂದವರಲ್ಲಿ ಸುಮಾರು 20 ಮಂದಿಗೆ ದೇಶದ ಅತ್ಯುನ್ನತ ಶೌರ್ಯಪದಕ ಸಿಕ್ಕಿತು. ಆ ಪದಕಗಳನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು 2025ರಲ್ಲಿ ಅಲ್ಲಿನ ರಕ್ಷಣಾ ಮಂತ್ರಿ ಇನ್ನೊಮ್ಮೆ ಸಾರಿ ಹೇಳಿದ.

ಇನ್ನು ನಮ್ಮ ಕಲಾವಿಮರ್ಶಕರ ಮಾತು ಕೇಳಿ. ಅಮೆರಿಕದ ಪಡುವಣ ಸೀಮೆಯ ಆರಂಭದ ಛಾಯಾಗ್ರಾಹಕರು ಎಂದರೆ ಸಾಕು, ಕಣ್ಣು ಮುಚ್ಚಿ ತಲೆದೂಗುತ್ತಾರೆ. ಸಾಹಸಿಗಳು, ಋಷಿಗಳು, ಬೆಳಕಿನ ಉಪಾಸಕರು! ಆ ಉಪಾಸನೆಗೆ ಎಣ್ಣೆಬತ್ತಿಯ ಖರ್ಚು ಯಾರು ಕೊಟ್ಟರು ಎಂದು ಕೇಳುವುದು ಅಸಭ್ಯತೆ. ನಾನು ಅಸಭ್ಯನೇ. ಕೇಳುತ್ತೇನೆ.

ಕಾರ್ಲ್‌ಟನ್ ವಾಟ್ಕಿನ್ಸ್ 1860ರಲ್ಲಿ ಕ್ಯಾಲಿಫೋರ್ನಿಯದ ಮರಿಪೋಸ ಚಿನ್ನದ ಗಣಿಗಳನ್ನು ಚಿತ್ರಿಸಿದ್ದು ಬಂಡವಾಳ ಹೂಡುವವರಿಗೆ ತೋರಿಸುವುದಕ್ಕೆ. ಟಿಮೊಥಿ ಒಸಲಿವನ್ 1867ರಿಂದ ಕೆಲಸ ಮಾಡಿದ್ದು ಯುದ್ಧ ಇಲಾಖೆ ನಡೆಸಿದ ಸರ್ವೆಗಳಲ್ಲಿ. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ಯೆಲ್ಲೊಸ್ಟೋನಿಗೆ ಹೋದದ್ದು ಹೇಡನ್ ಎಂಬಾತನ ಸರ್ಕಾರಿ ಸರ್ವೆ ತಂಡದ ಜೊತೆ. ಆಲ್ಫ್ರೆಡ್ ಹಾರ್ಟ್ ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಫೋಟೊಗ್ರಾಫರ್, ಆಂಡ್ರ್ಯೂ ರಸಲ್ ಯೂನಿಯನ್ ಪೆಸಿಫಿಕ್ ಕಡೆಯವನು. ಗಣಿ, ಸೈನ್ಯ, ಸರ್ವೆ, ರೈಲು. ಆ ಸೀಮೆಗೆ ಕ್ಯಾಮೆರಾ ಒಂಟಿಯಾಗಿ ಹೋದದ್ದೇ ಅಪರೂಪ. ಜಮೀನು ಅಳೆಯುವ ಸರಪಳಿ ಹಿಡಿದವನು ಒಂದು ಕಡೆ, ಬಂದೂಕು ಹಿಡಿದವನು ಇನ್ನೊಂದು ಕಡೆ, ನಡುವೆ ಮೂರು ಕಾಲಿನ ಸ್ಟ್ಯಾಂಡು ಹೊತ್ತವನು.

ಅವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಆ ಕಾಲದ್ದು ಹಸಿ ಪ್ಲೇಟಿನ ಕೆಲಸ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಒಂದೇ ಸಮನೆ ಹರಡಬೇಕು, ಕತ್ತಲೆ ಡೇರೆಯೊಳಗೆ ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಒದ್ದೆ ಆರುವುದರೊಳಗೆ ಕ್ಯಾಮೆರಾಕ್ಕೆ ಹಾಕಿ ಬೆಳಕು ತೋರಿಸಬೇಕು, ಓಡಿ ಬಂದು ಮತ್ತೆ ಕತ್ತಲೆಯಲ್ಲಿ ತೊಳೆಯಬೇಕು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ತಡವಾದರೆ ಪ್ಲೇಟು ಹಾಳು. ವಾಟ್ಕಿನ್ಸ್ ಬಳಸಿದ್ದು 18 ಇಂಚು ಅಗಲ, 22 ಇಂಚು ಉದ್ದದ ಗಾಜು. ಅಂಥವನ್ನು ಹೇಸರಗತ್ತೆಗಳ ಮೇಲೆ ಹೇರಿ ಬೆಟ್ಟ ಹತ್ತಿಸಬೇಕು. ಜಾಕ್ಸನ್‌ನ ಹೇಸರಗತ್ತೆಗೆ ಹೈಪೊ ಎಂದು ಹೆಸರಿತ್ತು, ಫೋಟೊ ತೊಳೆಯುವ ರಾಸಾಯನಿಕದ ಹೆಸರೇ. ಆ ಹೇಸರಗತ್ತೆಯ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅದೇ ಕಾಲದ ಪ್ಲೇಟುಗಳಲ್ಲಿ ನಿಂತ ಎಷ್ಟೋ ಮನುಷ್ಯರ ಹೆಸರು ಉಳಿದಿಲ್ಲ.

ಆ ಪ್ಲೇಟಿಗೆ ಒಂದು ಗುಣವಿತ್ತು. ಬೆಳಕು ಹೀರಲು ಅದಕ್ಕೆ ಸಾವಕಾಶ ಬೇಕು. ಅಲುಗಿದ್ದೆಲ್ಲ ಅಳಿಸಿಹೋಗುತ್ತದೆ. ಹರಿಯುವ ನದಿ ಹಾಲಿನ ಪಟ್ಟಿಯಾಗುತ್ತದೆ, ನಡೆದುಹೋಗುವ ಮನುಷ್ಯ ಮಂಜಾಗುತ್ತಾನೆ. ಅದಕ್ಕೇ ಆ ಚಿತ್ರಗಳಲ್ಲಿ ಜನ ಕಾಣುವುದಿಲ್ಲ ಎಂದು ಕೆಲವು ಪಂಡಿತರು ವಿವರಿಸುತ್ತಾರೆ. ಯಂತ್ರದ ತಲೆಯ ಮೇಲೆ ಪಾಪ ಹಾಕಿ ಜಾರಿಕೊಳ್ಳುವುದು ಎಷ್ಟು ಸಲೀಸು! ಸರ್ವೆಯ ಸಾಹೇಬರು ಬಂಡೆಯ ಮೇಲೆ ಕಾಲಿಟ್ಟು ನಿಂತಾಗ ಇದೇ ಪ್ಲೇಟು ಅವರ ಮೀಸೆಯ ಕೂದಲನ್ನೂ ಎಣಿಸಿಟ್ಟಿದೆ.

ಯೊಸೆಮಿಟಿ ಕಣಿವೆಯ ಸಂಗತಿ ನೋಡಿ. 1851ರಲ್ಲಿ ಮರಿಪೋಸ ಬೆಟಾಲಿಯನ್ ಎಂಬ ಬಿಳಿಯರ ಪಡೆ ಕಣಿವೆಗೆ ನುಗ್ಗಿತು. ಅಲ್ಲಿದ್ದ ಅಹ್ವಾನೀಚಿ ಜನರ ಗುಡಿಸಲುಗಳನ್ನು ಸುಟ್ಟಿತು. ಚಳಿಗಾಲಕ್ಕೆಂದು ಕೂಡಿಟ್ಟ ಓಕ್ ಬೀಜದ ದಾಸ್ತಾನಿಗೆ ಬೆಂಕಿಯಿಟ್ಟಿತು. ಅಲ್ಲಿನವರ ಅನ್ನವೇ ಆ ಬೀಜದ ಹಿಟ್ಟು. ಮುಖಂಡ ಟೆನಾಯನ ಮಗನನ್ನು ಗುಂಡಿಟ್ಟು ಕೊಂದರು. ಹತ್ತು ವರ್ಷ ಕಳೆದು, 1861ರಲ್ಲಿ, ವಾಟ್ಕಿನ್ಸ್ ತನ್ನ ದೊಡ್ಡ ಗಾಜುಗಳೊಂದಿಗೆ ಅದೇ ಕಣಿವೆಗೆ ಬಂದ. ಕನ್ನಡಿಯಂಥ ನೀರು, ಆಕಾಶಕ್ಕೆ ತಲೆ ಕೊಟ್ಟ ಬಂಡೆ, ಮನುಷ್ಯನ ಸೋಂಕೇ ಇಲ್ಲದ ನಂದನವನ. ಆ ಚಿತ್ರಗಳು ಪೂರ್ವದ ನಗರಗಳಲ್ಲಿ ಪ್ರದರ್ಶನಗೊಂಡವು, ದೊಡ್ಡವರೆಲ್ಲ ಬೆರಗಾದರು, 1864ರಲ್ಲಿ ಲಿಂಕನ್ ಸಹಿ ಹಾಕಿ ಕಣಿವೆಯನ್ನು ಸಾರ್ವಜನಿಕ ವಿಹಾರಕ್ಕೆ ಮೀಸಲಿಟ್ಟ. ಮೊದಲು ಬೆಂಕಿ ಖಾಲಿ ಮಾಡಿತು, ಆಮೇಲೆ ಕ್ಯಾಮೆರಾ ಬಂದು ಇದು ಖಾಲಿ ಇದೆ ಎಂದು ಪಂಚನಾಮೆ ಬರೆಯಿತು. ಪಂಚರ ಸಹಿ ಹಾಕಿದವರು ಕಲಾರಸಿಕರು.

ಅರಿಜೋನದ ಕ್ಯಾನಿಯನ್ ಡಿ ಶೇ ಕಥೆಯೂ ಅದೇ. 1864ರಲ್ಲಿ ಕಿಟ್ ಕಾರ್ಸನ್‌ನ ದಂಡು ನವಾಹೊ ಜನರ ಜೋಳದ ಹೊಲ ಸುಟ್ಟು, ಕುರಿ ಕೊಂದು, ಪೀಚ್ ಹಣ್ಣಿನ ತೋಪುಗಳನ್ನು ಬುಡಸಮೇತ ಕಡಿಯಿತು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಮುನ್ನೂರು ಮೈಲಿ ದೂರ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊ ಬಯಲಿನಲ್ಲಿ ಕೂಡಿಹಾಕಿದರು. 1868ರ ಒಪ್ಪಂದದ ಮೇಲೆ ಬದುಕುಳಿದವರು ವಾಪಸು ಬಂದರು. 1873ರಲ್ಲಿ ಒಸಲಿವನ್ ಬಂದು ಅಲ್ಲಿ ತೆಗೆದ ಜಗತ್ಪ್ರಸಿದ್ಧ ಚಿತ್ರ ಯಾವುದು? ಬಂಡೆಯ ಪೊಟರೆಯಲ್ಲಿರುವ ನೂರಾರು ವರ್ಷ ಹಿಂದಿನ ಪಾಳುಮನೆಗಳದು. ಒಂಬತ್ತು ವರ್ಷದ ಹಿಂದಿನ ಪಾಳು ಕಣ್ಣಿಗೆ ಬೀಳಲಿಲ್ಲ. ಮಗ್ಗದ ಮುಂದೆ ಕೂತ ನವಾಹೊ ಕುಟುಂಬವೊಂದರ ಚಿತ್ರವನ್ನೂ ಆತ ತೆಗೆದ, ನಿಜ. ಅದನ್ನೂ ಹೇಳುತ್ತೇನೆ, ನ್ಯಾಯ ನ್ಯಾಯವೇ. ಆದರೆ ಗೋಡೆಗೇರಿದ್ದು ಪಾಳುಮನೆ.

ಇದನ್ನೆಲ್ಲ ಹೇಳಿದರೆ ‘ಅದು ಆ ಕಾಲದ ಧರ್ಮ’ ಎನ್ನುವವರಿದ್ದಾರೆ. ಸುಳ್ಳು ಹೇಳುವುದು ಯಾವ ಕಾಲದ ಧರ್ಮ? 1873ರಲ್ಲಿ ಕ್ಯಾಲಿಫೋರ್ನಿಯ-ಆರೆಗಾನ್ ಗಡಿಯ ಲಾವಾ ಬಂಡೆಗಳ ಸಂದಿಯಲ್ಲಿ ಐವತ್ತು ಅರವತ್ತು ಮಂದಿ ಮೋಡೊಕ್ ಜನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಫೋಟೊ ತೆಗೆಯಲು ಹೋದವನು ಎಡ್ವರ್ಡ್ ಮೈಬ್ರಿಜ್, ಮುಂದೆ ಓಡುವ ಕುದುರೆಯ ಕಾಲುಗಳನ್ನು ಚಿತ್ರದಲ್ಲಿ ಹಿಡಿದು ಹೆಸರಾದವನು. ಬಂಡೆಯ ಮರೆಯಲ್ಲಿ ಬಂದೂಕು ಗುರಿಯಿಟ್ಟ ಮೋಡೊಕ್ ವೀರ ಎಂದು ಆತ ಮಾರಿದ ಚಿತ್ರದಲ್ಲಿರುವವನು ಮೋಡೊಕ್ ಅಲ್ಲವೇ ಅಲ್ಲ. ಸೈನ್ಯದ ಸಂಬಳಕ್ಕಿದ್ದ ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟಿನ ಸ್ಕೌಟ್! ಶತ್ರು ಸಿಗಲಿಲ್ಲ, ಕೂಲಿಯವನನ್ನೇ ಶತ್ರುವೆಂದು ಕೂರಿಸಿದರು. ಸೆರೆಸಿಕ್ಕ ಮೋಡೊಕ್ ನಾಯಕರ ಮುಖಗಳನ್ನು ಲೂಯಿಸ್ ಹೆಲ್ಲರ್ ಎಂಬಾತ ತೆಗೆದು ಕಾರ್ಡು ಮಾಡಿ ಮಾರಿದ. ಅವರ ನಾಯಕ ಕಿಂಟ್‌ಪುವಾಶ್‌ನನ್ನು, ಬಿಳಿಯರು ಇಟ್ಟ ಹೆಸರು ಕ್ಯಾಪ್ಟನ್ ಜ್ಯಾಕ್, ಅಕ್ಟೋಬರ್ 3ರಂದು ಇನ್ನೂ ಮೂವರ ಜೊತೆ ನೇಣಿಗೆ ಹಾಕಿದರು. ತಲೆಗಳನ್ನು ಕತ್ತರಿಸಿ ಸೈನ್ಯದ ವೈದ್ಯಕೀಯ ಮ್ಯೂಸಿಯಂಗೆ ಕಳಿಸಿದರು. ಮುಖ ಕಾರ್ಡಿನಲ್ಲಿ, ತಲೆಬುರುಡೆ ಕಪಾಟಿನಲ್ಲಿ. ಬುರುಡೆಗಳು ಬಂಧುಗಳ ಕೈಗೆ ಬಂದದ್ದು 1984ರಲ್ಲಿ.

ಮಕ್ಕಳನ್ನೂ ಬಿಡಲಿಲ್ಲ. ಬುಡಕಟ್ಟಿನ ಮಕ್ಕಳನ್ನು ಸಾವಿರಾರು ಮೈಲಿ ದೂರದ ಪೆನ್ಸಿಲ್ವೇನಿಯಕ್ಕೆ ಒಯ್ದು ‘ನಾಗರಿಕ’ರನ್ನಾಗಿಸಲು 1879ರಲ್ಲಿ ಕಾರ್ಲೈಲ್ ಶಾಲೆ ತೆರೆಯಿತು. ಬಂದ ದಿನದ ಒಂದು ಚಿತ್ರ, ಕೂದಲು ಕತ್ತರಿಸಿ ಕೋಟು ತೊಡಿಸಿದ ಮೇಲೆ ಇನ್ನೊಂದು. ಊರಿನ ಸ್ಟುಡಿಯೊದ ಜಾನ್ ಚೋಟ್ ತೆಗೆದು ಜೋಡಿ ಜೋಡಿಯಾಗಿ ಮಾರುತ್ತಿದ್ದ. ನವಾಹೊ ಯುವಕ ಟಾಮ್ ಟೊರ್ಲಿನೊನ ಜೋಡಿಚಿತ್ರ ಎಲ್ಲಕ್ಕಿಂತ ಹೆಸರುವಾಸಿ. 1882ರದರಲ್ಲಿ ಉದ್ದ ಕೂದಲು, ಕಿವಿಗೆ ಓಲೆ, ಹೆಗಲಿಗೆ ಕಂಬಳಿ, ಕಪ್ಪು ಮೈಬಣ್ಣ. ಮೂರು ವರ್ಷದ ಮೇಲಿನದರಲ್ಲಿ ಕ್ರಾಪು, ಟೈ, ಮತ್ತು ಬೆಳ್ಳಗಾದ ಮುಖ. ಶಾಲೆಗೆ ಹೋದರೆ ಚರ್ಮ ಬಿಳುಪಾಗುತ್ತದೆಯೇ ಸ್ವಾಮಿ? ಬೆಳಕನ್ನು ಯಾವ ಕಡೆಯಿಂದ ಬಿಡಬೇಕು, ಪ್ರಿಂಟನ್ನು ಎಷ್ಟು ತಿಳಿಯಾಗಿಸಬೇಕು ಎಂಬುದು ಚೋಟ್‌ಗೆ ಗೊತ್ತಿತ್ತು. ಈ ಜೋಡಿಗಳನ್ನು ತೋರಿಸಿಯೇ ದೇಣಿಗೆ ಎತ್ತಿದರು, ಸರ್ಕಾರದ ಅನುದಾನ ತಂದರು. ಅದೇ ಶಾಲೆಯ ಆವರಣದಲ್ಲಿ ಸುಮಾರು 200 ಮಕ್ಕಳ ಗೋರಿಗಳಾದವು. ಆ ‘ಆಮೇಲೆ’ಯ ಚಿತ್ರ ಯಾವ ಆಲ್ಬಮ್ಮಿನಲ್ಲೂ ಸೇರಲಿಲ್ಲ.

ಈಗ ದೊಡ್ಡ ದೇವರಿಗೆ ಬರೋಣ. ಎಡ್ವರ್ಡ್ ಕರ್ಟಿಸ್. ಬೆಂಗಳೂರಿನ ಶ್ರೀಮಂತರ ಹಾಲ್‌ಗಳಲ್ಲಿ ಬುದ್ಧನ ತಲೆಯ ಪಕ್ಕದಲ್ಲಿ ಈಗಲೂ ಈತನ ಚಿತ್ರದ ಪ್ರಿಂಟು ತೂಗುವುದನ್ನು ಕಂಡಿದ್ದೇನೆ: ಗರಿ ಮುಡಿದ, ಸುಕ್ಕುಗಟ್ಟಿದ, ಎಲ್ಲೋ ದಿಟ್ಟಿಸುವ ಮುದುಕ. ಕೆಳಗೆ ಯಾರೋ ಕಟ್ಟಿದ ಪ್ರಕೃತಿಪ್ರೇಮದ ನುಡಿಮುತ್ತು. ಅಮೆರಿಕದ ಬುಡಕಟ್ಟು ಜನರ ಚಿತ್ರಸಂಪುಟಗಳನ್ನು ತರಲೆಂದು 1906ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಕರ್ಟಿಸ್‌ಗೆ 75,000 ಡಾಲರ್ ಕೊಡಲು ಒಪ್ಪಿದ. ರೈಲು ಕಂಪನಿಗಳ ಧಣಿ ಮಾರ್ಗನ್. ಮುನ್ನುಡಿ ಬರೆದವನು ಅಧ್ಯಕ್ಷ ರೂಸ್‌ವೆಲ್ಟ್. 1907ರಿಂದ 1930ರವರೆಗೆ 20 ಸಂಪುಟ ಬಂದವು, ಸೆಟ್ಟೊಂದಕ್ಕೆ 3,000 ಡಾಲರಿನ ಮೇಲೆ. ಚಿತ್ರದಲ್ಲಿದ್ದವರು ಯಾರೂ ಕೊಳ್ಳಲಾಗದ ಪುಸ್ತಕ. ಮೊದಲ ಪ್ಲೇಟಿನಲ್ಲೇ ನವಾಹೊ ಸವಾರರು ಬೆನ್ನು ತಿರುಗಿಸಿ ಕತ್ತಲೆಯತ್ತ ಸಾಗುತ್ತಾರೆ. ಅದಕ್ಕೆ ಅಳಿದುಹೋಗುತ್ತಿರುವ ಜನಾಂಗ ಎಂಬ ಶೀರ್ಷಿಕೆ.

1910ರಲ್ಲಿ ಕರ್ಟಿಸ್ ಪಿಗನ್ ಬುಡಕಟ್ಟಿನ ಡೇರೆಯೊಳಗೆ ಒಂದು ಚಿತ್ರ ತೆಗೆದ. ಲಿಟಲ್ ಪ್ಲೂಮ್ ಮತ್ತು ಆತನ ಮಗ ಯೆಲ್ಲೊ ಕಿಡ್ನಿ ಕೂತಿದ್ದಾರೆ. ಸುತ್ತ ಚಿಲುಮೆಯಿದೆ, ಚರ್ಮದ ಚೀಲಗಳಿವೆ. ಮೂಲ ನೆಗೆಟಿವಿನಲ್ಲಿ ಇಬ್ಬರ ನಡುವೆ ಒಂದು ಗಡಿಯಾರವಿದೆ. ದುಂಡನೆಯ, ಮಾಮೂಲಿ ಗಡಿಯಾರ. ಅಚ್ಚಾದ ಪುಸ್ತಕದಲ್ಲಿ ಅದಿಲ್ಲ. ಉಜ್ಜಿ ತೆಗೆದಿದ್ದಾರೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತ ಕೂತಾಗ ಸಿಟ್ಟಿಗಿಂತ ಮೊದಲು ನಗು ಬಂತು. ಎಷ್ಟು ಪುಕ್ಕಲುತನ! ಒಬ್ಬ ಪಿಗನ್ ಮನುಷ್ಯ ಗಂಟೆ ಎಷ್ಟಾಯಿತೆಂದು ನೋಡಿಬಿಟ್ಟರೆ ಏನಾಗುತ್ತಿತ್ತು? ಆತ ಇವತ್ತಿನವನಾಗಿಬಿಡುತ್ತಿದ್ದ. ಇವತ್ತಿನವನಾದರೆ ಅವನಿಗೆ ಜಮೀನಿನ ಹಕ್ಕು ಇರುತ್ತದೆ, ಕೋರ್ಟಿಗೆ ಹೋಗುತ್ತಾನೆ, ಒಪ್ಪಂದದ ಕಾಗದ ತೋರಿಸಿ ಬಾಕಿ ಕೇಳುತ್ತಾನೆ. ಅಳಿದುಹೋಗುತ್ತಿರುವವನು ಏನನ್ನೂ ಕೇಳುವುದಿಲ್ಲ. ಅವನನ್ನು ನೋಡಿ ಕಣ್ಣೀರು ಹಾಕಿದರೆ ಸಾಕು. ಅದೇ ವರ್ಷಗಳಲ್ಲಿ 1887ರ ಡಾಸ್ ಕಾಯ್ದೆಯ ಹೆಸರಿನಲ್ಲಿ ಬುಡಕಟ್ಟುಗಳ ಭೂಮಿಯನ್ನು ತುಂಡು ತುಂಡು ಮಾಡಿ ಹಂಚಿ, ‘ಮಿಕ್ಕದ್ದು’ ಎಂದು ಉಳಿದದ್ದನ್ನು ಬಿಳಿಯರಿಗೆ ಬಿಡುತ್ತಿದ್ದರು. 13.8 ಕೋಟಿ ಎಕರೆಯಿದ್ದದ್ದು 1934ರ ಹೊತ್ತಿಗೆ 4.8 ಕೋಟಿಗೆ ಇಳಿಯಿತು. ಜನ ಅಳಿಯಲಿಲ್ಲ, ಜಮೀನು ಅಳಿಯಿತು. ಕರ್ಟಿಸ್‌ನ 2,200ಕ್ಕೂ ಹೆಚ್ಚು ಚಿತ್ರಗಳಲ್ಲಿ ಈ ಹಂಚಿಕೆಯ ನಕ್ಷೆ ಬಿಚ್ಚಿಟ್ಟುಕೊಂಡು ಕೂತ ಅಧಿಕಾರಿಯೊಬ್ಬನನ್ನು ಹುಡುಕಿ ನೋಡಿ.

ಕರ್ಟಿಸ್ ಮೇಣದ ಸಿಲಿಂಡರುಗಳಲ್ಲಿ ಆ ಜನರ ಹಾಡು, ಮಾತು ಹಿಡಿದಿಟ್ಟ, ನಿಜ. ಇವತ್ತು ಮೊಮ್ಮಕ್ಕಳು ಅಜ್ಜಿಯ ಮುಖ ಹುಡುಕಲು ಅವೇ ಸಂಪುಟಗಳನ್ನು ತೆರೆಯುತ್ತಾರೆ. ಗೊತ್ತು. ಮನೆ ದೋಚಿದವನ ಪೆಟ್ಟಿಗೆಯಲ್ಲಿ ಅಜ್ಜಿಯ ಫೋಟೊ ಸಿಕ್ಕಿತೆಂದು ಅವನಿಗೆ ಹಾರ ಹಾಕಲಾಗುವುದಿಲ್ಲ. ಅಂದಹಾಗೆ ಧಣಿಗಳು ತಮ್ಮ ಕ್ಯಾಮೆರಾದವನನ್ನೂ ಉಳಿಸಲಿಲ್ಲ. ಕರ್ಟಿಸ್‌ನ ತಾಮ್ರದ ಅಚ್ಚುಗಳನ್ನೂ ಉಳಿದ ಪ್ರತಿಗಳನ್ನೂ 1935ರಲ್ಲಿ ಬಾಸ್ಟನ್ನಿನ ಪುಸ್ತಕದಂಗಡಿಯವನಿಗೆ 1,000 ಡಾಲರಿಗೆ ತಳ್ಳಿದರು. ವಾಟ್ಕಿನ್ಸ್ ನೆಗೆಟಿವುಗಳನ್ನು ಸಾಲಗಾರರಿಗೆ ಕಳೆದುಕೊಂಡ, ಉಳಿದದ್ದು 1906ರ ಸ್ಯಾನ್ ಫ್ರಾನ್ಸಿಸ್ಕೊ ಬೆಂಕಿಯಲ್ಲಿ ಹೋಯಿತು, 1916ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಇನ್ನು ರೈಲು. 1869ರ ಮೇ 10, ಯೂಟಾದ ಪ್ರೊಮಂಟರಿ. ಪೂರ್ವ ಪಶ್ಚಿಮದ ಹಳಿಗಳು ಕೂಡಿದ ದಿನ. ಜೂಪಿಟರ್ ಮತ್ತು 119 ಎಂಬ ಎರಡು ಎಂಜಿನ್ ಮುಖಾಮುಖಿ ನಿಂತಿವೆ, ಎಂಜಿನಿನ ಮೇಲಿಂದ ಶಾಂಪೇನ್ ಬಾಟಲಿಗಳು ಚಾಚಿವೆ, ಕೆಳಗೆ ಟೋಪಿಗಳ ಸಂತೆ, ಮಧ್ಯದಲ್ಲಿ ಇಬ್ಬರು ಕೈ ಕುಲುಕುತ್ತಿದ್ದಾರೆ. ಆಂಡ್ರ್ಯೂ ರಸಲ್ ತೆಗೆದದ್ದು. ಸೆಂಟ್ರಲ್ ಪೆಸಿಫಿಕ್ ಕಡೆ ದುಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯವರೆಗೆ ಚೀನೀಯರು, ಹತ್ತು ಹದಿನೈದು ಸಾವಿರ ಜನ. ಸಿಯೆರಾ ನೆವಾಡದ ಕರಿಕಲ್ಲನ್ನು ಸಿಡಿಮದ್ದಿಟ್ಟು ಒಡೆದವರು, ಹಿಮ ಕುಸಿದು ಹೂತುಹೋದವರು. ಬಿಳಿಯರಿಗಿಂತ ಕಡಿಮೆ ಕೂಲಿ, ಊಟವೂ ಅವರದೇ ಖರ್ಚು. 1867ರ ಜೂನಿನಲ್ಲಿ ಸರಿ ಕೂಲಿ ಕೇಳಿ ಕೆಲಸ ನಿಲ್ಲಿಸಿದರೆ ಕಂಪನಿ ಊಟದ ಸಾಮಾನು ಬರುವುದನ್ನೇ ತಡೆದು ಮುಷ್ಕರ ಮುರಿಯಿತು. ಕೈಕುಲುಕುವ ಚಿತ್ರದಲ್ಲಿ ಗುರುತಿಗೆ ಸಿಗುವಂತೆ ಒಬ್ಬ ಚೀನೀಯನನ್ನು ತೋರಿಸಿ ನೋಡೋಣ! ಅದೇ ದಿನ ರಸಲ್ ತೆಗೆದ ಇನ್ನೊಂದು ಚಿತ್ರದಲ್ಲಿ ಕೊನೆಯ ಹಳಿ ಕೂರಿಸುವ ಚೀನೀ ಕೂಲಿಗಳಿದ್ದಾರೆ. ಅಂದರೆ ಕ್ಯಾಮೆರಾಕ್ಕೆ ಕಣ್ಣು ಕಾಣುತ್ತಿತ್ತು. ಹಳಿ ಹೊರುವಾಗ ಕಂಡವರು ಬಾಟಲಿ ಎತ್ತುವಾಗ ಕಾಣಲಿಲ್ಲ. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೇ ಕಾಲಿಡಬಾರದೆಂದು ಕಾಯ್ದೆ ಬಂತು. 1969ರ ಶತಮಾನೋತ್ಸವದಲ್ಲಿ ಸಾರಿಗೆ ಮಂತ್ರಿ ಇದು ಅಮೆರಿಕನ್ನರ ಸಾಹಸವೆಂದು ಹೊಗಳಿದ, ಚೀನೀ ಸಮುದಾಯದ ಪ್ರತಿನಿಧಿಗೆ ಗೊತ್ತುಮಾಡಿದ್ದ ಭಾಷಣವೇ ಕೈಬಿಟ್ಟುಹೋಯಿತು. 2014ರಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಕಾರ್ಕಿ ಲೀ ಆ ಕೂಲಿಗಳ ವಂಶಸ್ಥರನ್ನು ಕರೆದೊಯ್ದು ಅದೇ ಜಾಗದಲ್ಲಿ, ಎಂಜಿನುಗಳ ಮುಂದೆ ನಿಲ್ಲಿಸಿ ಚಿತ್ರ ತೆಗೆದ. 145 ವರ್ಷ ಬೇಕಾಯಿತು ಒಂದು ಕ್ಲಿಕ್ಕಿಗೆ.

ಇದು ಅಮೆರಿಕದವರ ಪಾಪ, ನಮಗೇನು ಎನ್ನುವವರು ಸ್ವಲ್ಪ ತಡೆಯಿರಿ. 1857ರ ದಂಗೆ ಮುಗಿದ ಮೇಲೆ ಆಳುವ ಜನರನ್ನು ಗುರುತು ಹಿಡಿಯಬೇಕೆಂಬ ಅವಸರ ನಮ್ಮ ದೊರೆಗಳಿಗೂ ಹುಟ್ಟಿತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟ ತಂದರು. ಜಾತಿ, ಬುಡಕಟ್ಟು ಹಿಡಿದು ಮುಖಗಳ ದಾಸ್ತಾನು. ಕೆಳಗಿನ ಬರಹದಲ್ಲಿ ಇವರು ನಂಬಿಕಸ್ತರು, ಇವರು ಕಳ್ಳರು ಎಂಬ ಸರ್ಟಿಫಿಕೇಟು. ಆ ಸಂಪುಟಗಳಿಗೆ ಬರೆದವರಲ್ಲಿ ಮೆಡೋಸ್ ಟೇಲರ್ ಇದ್ದ, ನಮ್ಮ ಸುರಪುರದಲ್ಲಿ ಆಡಳಿತ ಮಾಡಿದ ಟೇಲರ್ ಸಾಹೇಬ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಬಂತು. ಅಲ್ಲಿ ಸರ್ವೆ, ಇಲ್ಲಿ ಜನಗಣತಿ. ಅಲ್ಲಿಯ ನ್ಯಾಷನಲ್ ಪಾರ್ಕಿನ ಮಾದರಿ ಸಮುದ್ರ ದಾಟಿ ನಮ್ಮ ಕಾಡಿಗೂ ಬಂದಿದೆ. ನಾಗರಹೊಳೆಯ ಬಣ್ಣಬಣ್ಣದ ಪುಸ್ತಕಗಳನ್ನು ತೆಗೆದು ನೋಡಿ, ಹುಲಿಯಿದೆ, ಆನೆಯಿದೆ, ಬೆಳಗಿನ ಮಂಜಿದೆ. ಜೇನುಕುರುಬರ ಹಾಡಿ ಇಲ್ಲ. 2025ರ ಮೇ ತಿಂಗಳಲ್ಲಿ ಕೆಲವು ಕುಟುಂಬಗಳು ತಮ್ಮ ಹಿರಿಯರ ಜಾಗಕ್ಕೆ ವಾಪಸು ಹೋಗಿ ಗುಡಿಸಲು ಹಾಕಿಕೊಂಡಾಗ, ಕಾಡು ನೋಡಲು ಜೀಪಿನಲ್ಲಿ ಹೋಗುವ ನಮ್ಮ ಸಭ್ಯರಿಗೆ ಅದು ‘ಅತಿಕ್ರಮಣ’ವಾಗಿ ಕಂಡಿತು.

ಫೋಟೊಕ್ಕೆ ಒಲ್ಲೆನೆಂದವರೂ ಇದ್ದರು. ಲಕೋಟ ನಾಯಕ ಕ್ರೇಜಿ ಹಾರ್ಸ್‌ನದು ಎಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಇಲ್ಲ. ಆತನ ಮುಖ ಯಾವ ಕಾರ್ಡಿಗೂ ಸಿಗಲಿಲ್ಲ. ಕ್ಯಾಮೆರಾವನ್ನೇ ಕಸಿದುಕೊಂಡವರೂ ಇದ್ದರು. ಚೆರೊಕಿ ಹುಡುಗಿ ಜೆನಿ ರಾಸ್ ಕಾಬ್ ತನ್ನ ಓರಗೆಯ ಕಾಲೇಜು ಹುಡುಗಿಯರು ನಗುತ್ತ ಹರಟುತ್ತ ನಿಂತದ್ದನ್ನು ತೆಗೆದಳು, ಕರ್ಟಿಸ್‌ನ ಸಂಪುಟಗಳಿಗೂ ಮೊದಲೇ. ಒಕ್ಲಹೋಮದ ಕಯೋವ ಬುಡಕಟ್ಟಿನ ಫೋಟೊಗ್ರಾಫರ್ ಹೊರೇಸ್ ಪೂಲಾ ಚಿತ್ರದ ಹಿಂಬದಿಗೆ ಇದು ‘ಇಂಡಿಯನ್’ ಒಬ್ಬ, ಎಂದರೆ ಅಮೆರಿಕದ ಮೂಲನಿವಾಸಿಯೊಬ್ಬ, ತೆಗೆದದ್ದೆಂದು ಸೀಲು ಒತ್ತುತ್ತಿದ್ದ. ಅವನ ಚಿತ್ರಗಳಲ್ಲಿ ಗರಿ ಮುಡಿದವರ ಪಕ್ಕದಲ್ಲೇ ಕಾರು ನಿಂತಿದೆ, ಮಿಲಿಟರಿ ಸಮವಸ್ತ್ರ ತೊಟ್ಟ ಮಗನಿದ್ದಾನೆ. ಏನನ್ನೂ ಉಜ್ಜಿ ತೆಗೆದಿಲ್ಲ.

1880ರಲ್ಲಿ ಕ್ರೋ ಬುಡಕಟ್ಟಿನ ಆರು ಮಂದಿ ಮುಖಂಡರು ವಾಷಿಂಗ್ಟನ್ನಿಗೆ ಹೋದಾಗ ಸಿ. ಎಂ. ಬೆಲ್ ಎಂಬಾತ ಸ್ಟುಡಿಯೊದಲ್ಲಿ ಅವರ ಚಿತ್ರ ತೆಗೆದ. ಅವರಲ್ಲಿ ಮೆಡಿಸಿನ್ ಕ್ರೋ ನೋಡಲು ಸೊಗಸುಗಾರ, ಅವನ ಚಿತ್ರ ಚಹಾದ ಬಾಟಲಿಯ ಮೇಲೂ ಏರಿತು. 2014ರಲ್ಲಿ ಕ್ರೋ ಕಲಾವಿದೆ ವೆಂಡಿ ರೆಡ್ ಸ್ಟಾರ್ ಆ ಚಿತ್ರಗಳ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದಳು. ಮುಡಿಯಲ್ಲಿರುವುದು ಏನು, ಅಂಗಿಗೆ ಹೊಲಿದ ಪಟ್ಟಿ ಯಾವ ಕಾದಾಟದ ಗುರುತು, ಇವನ ಹೆಂಡಿರು ಮಕ್ಕಳು ಯಾರು. ಶಾಲೆಯ ಮೇಷ್ಟರು ತಪ್ಪು ಉತ್ತರ ತಿದ್ದುವ ಕೆಂಪು ಬಣ್ಣವೇ. ಮೆಡಿಸಿನ್ ಕ್ರೋ ಆ ಊರಿಗೆ ಚಂದ ಕಾಣಿಸಿಕೊಳ್ಳಲು ಹೋದವನಲ್ಲ. ತಮ್ಮ ಬೇಟೆಯ ನೆಲದ ಮೇಲೆ ರೈಲು ಹಾಯಿಸಲು ಹೊರಟವರ ಎದುರು ಕೂತು ಮಾತಾಡಲು ಹೋದವನು. ಬೆಲ್‌ನ ಪ್ಲೇಟಿನಲ್ಲಿ ಆ ರೈಲಿನ ಸುದ್ದಿಯೇ ಇಲ್ಲ.